ಕಷ್ಟದಲ್ಲಿ ಒಳಿತು ಕಾಣುವುದು: ಉಡುಪಿ, ಮಣಿಪಾಲ, ಕಾಪು, ಕಾರ್ಕಳ

ನಷ್ಟ, ಕಾಯಿಲೆ, ಅವಮಾನ, ಅಗಲಿಕೆಗಳನ್ನು ಅನುಭವಿಸಿದವರು ಕೆಲವು ಕಾಲದ ಮೇಲೆ ಅದರಿಂದಲೇ ತಮಗೇನೋ ಒಳಿತಾಯಿತೆಂದು ಗುರುತಿಸುವುದು ಎಲ್ಲ ಸಮಾಜಗಳಲ್ಲೂ ಕಂಡುಬರುತ್ತದೆ. ಮನಶ್ಶಾಸ್ತ್ರವು ಇದನ್ನು 1980ರ ದಶಕದಿಂದ ಪ್ರತ್ಯೇಕ ವಿಷಯವಾಗಿ ಅಭ್ಯಸಿಸುತ್ತಿದೆ. ಭಕ್ತಿ ಸಾಹಿತ್ಯಕ್ಕೆ ಇದು ಎಷ್ಟೋ ಹಳೆಯ ಮಾತು: ಇದ್ದ ಸಿರಿಯನ್ನು ಬಿಟ್ಟು ತಂಬೂರಿ ಹಿಡಿದದ್ದೇ ಒಳ್ಳೆಯದಾಯಿತೆಂದು ಪುರಂದರದಾಸರು ಹಾಡಿದ ಕೀರ್ತನೆ ಕನ್ನಡಿಗರಿಗೆ ಬಾಯಿಪಾಠ. ಉಡುಪಿ ಸೀಮೆಯಲ್ಲಿ ಈ ಪ್ರವೃತ್ತಿಗೆ ಸ್ಥಳಪುರಾಣದಿಂದ ಹಿಡಿದು ಬ್ಯಾಂಕಿನ ತನಕ, ಹೋಟೆಲಿನಿಂದ ಭೂತಾರಾಧನೆಯ ಹಾಡುಗಥೆಯಾದ ಪಾಡ್ದನದ ತನಕ ಸಾಕ್ಷ್ಯಗಳಿವೆ. ಅವುಗಳನ್ನು ಜೊತೆಗಿಟ್ಟು ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಕಷ್ಟ ತಾನಾಗಿ ಫಲ ಕೊಟ್ಟದ್ದು ಇಲ್ಲಿ ಅಪರೂಪ. ಫಲ ಬಂದ ಕಡೆಯೆಲ್ಲ ಅದನ್ನು ಹಿಡಿದಿಡಲು ಯಾರೋ ಏನನ್ನೋ ಕಟ್ಟಿದ್ದರು. ಎಷ್ಟೋ ಸಲ ಕಷ್ಟಪಟ್ಟವರು ಒಬ್ಬರು, ಫಲ ಉಂಡವರು ಇನ್ನೊಬ್ಬರು.

ಸೀಮೆ ಮತ್ತು ಸಿದ್ಧಾಂತ

ಅರಬ್ಬಿ ಸಮುದ್ರಕ್ಕೂ ಪಶ್ಚಿಮಘಟ್ಟಕ್ಕೂ ನಡುವಿನ ಈ ಪ್ರದೇಶ ಸ್ವಾತಂತ್ರ್ಯಕ್ಕೆ ಮೊದಲು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು; ಕಾಪು ತಾಲೂಕಾದದ್ದು 2018ರಲ್ಲಿ. ಮನೆಮಾತು ಬಹುಪಾಲು ತುಳು, ಜೊತೆಗೆ ಕೊಂಕಣಿ, ಬ್ಯಾರಿ. ಓದು ಬರಹ ಕನ್ನಡದಲ್ಲಿ.

ದ್ವೈತ ಮತವನ್ನು ಸ್ಥಾಪಿಸಿದ ಮಧ್ವಾಚಾರ್ಯರು ಹುಟ್ಟಿದ ಪಾಜಕ, ಕಾಪುವಿಗೆ ದೂರವಲ್ಲದ ಕುಂಜಾರುಗಿರಿಯ ಬುಡದಲ್ಲಿದೆ. ಅವರ ಮತದಲ್ಲಿ ಜಗತ್ತು ಸತ್ಯ. ಹಾಗಾಗಿ ದುಃಖವೂ ಸತ್ಯ. ನೋವನ್ನು ಮಾಯೆಯೆಂದು ಕೊಡವಿಕೊಳ್ಳುವ ದಾರಿ ದ್ವೈತದಲ್ಲಿ ಇಲ್ಲ. ಉಡುಪಿಯ ಕಥೆಗಳಲ್ಲಿ ಸಂಕಟ ಇಷ್ಟು ಗಟ್ಟಿಯಾಗಿ, ಮೈಕೈ ತುಂಬಿಕೊಂಡು ಬರುವುದಕ್ಕೆ ಈ ಸಿದ್ಧಾಂತವೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೆ ಎರಡೂ ಒಂದಕ್ಕೊಂದು ಹೊಂದುತ್ತವೆ.

ಉಡುಪಿ ಕೃಷ್ಣನ ಸ್ಥಾಪನೆಯ ಕಥೆಯೇ ಒಂದು ಸಂಕಟದಿಂದ ಆರಂಭವಾಗುತ್ತದೆ. ದ್ವಾರಕೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿಕೊಂಡಿತು. ದಡದಲ್ಲಿದ್ದ ಮಧ್ವರು ಉತ್ತರೀಯ ಬೀಸಿ ಅದನ್ನು ಪಾರುಮಾಡಿದರು. ನಾವಿಕ ಏನು ಬೇಕಾದರೂ ಕೇಳಿ ಎಂದಾಗ ಅವರು ಕೇಳಿದ್ದು ಹಡಗಿನ ತೂಕಕ್ಕೆಂದು ಹೇರಿದ್ದ ಗೋಪೀಚಂದನದ ಗಡ್ಡೆಯನ್ನು. ಅದರೊಳಗೆ ಕೃಷ್ಣನ ವಿಗ್ರಹವಿತ್ತು. ಜೊತೆಯಲ್ಲಿ ಸಿಕ್ಕ ಬಲರಾಮ ಮಲ್ಪೆ ಸಮೀಪದ ವಡಭಾಂಡೇಶ್ವರದಲ್ಲಿ ನೆಲೆಸಿದ. ಇದು 13ನೆಯ ಶತಮಾನಕ್ಕೆ ಸೇರಿದ ಐತಿಹ್ಯ. ನಾವಿಕನಿಗೆ ಪ್ರಾಣ ಉಳಿಯಿತು, ಉಡುಪಿಗೆ ದೇವರು ಸಿಕ್ಕಿದ. ಬಿರುಗಾಳಿ ಇಬ್ಬರಿಗೂ ಕೊಟ್ಟದ್ದು ಒಂದೇ ಅಲ್ಲ.

ಕನಕದಾಸರ ಕಥೆ ಇನ್ನೂ ಪ್ರಸಿದ್ಧ, ಇನ್ನೂ ತೊಡಕಿನದು. ಈಗಿನ ಹಾವೇರಿ ಜಿಲ್ಲೆಯ ಬಾಡ ಗ್ರಾಮದ, ಕುರುಬ ಸಮುದಾಯದ ಕನಕದಾಸರು 16ನೆಯ ಶತಮಾನದಲ್ಲಿ, ಮಾಧ್ವ ಯತಿ ವಾದಿರಾಜರ ಕಾಲದಲ್ಲಿ ಉಡುಪಿಗೆ ಬಂದರೆಂದೂ, ಒಳಗೆ ಪ್ರವೇಶ ಸಿಗದೆ ಹೊರಗೆ ನಿಂತು ಹಾಡಿದಾಗ ಗೋಡೆ ಬಿರಿದು ಕೃಷ್ಣ ಅವರ ಕಡೆ ತಿರುಗಿದನೆಂದೂ ಪ್ರತೀತಿ. ಪಶ್ಚಿಮಕ್ಕೆ ಮುಖ ಮಾಡಿರುವ ವಿಗ್ರಹವನ್ನು ಇವತ್ತಿಗೂ ಯಾತ್ರಿಕರು ಕನಕನ ಕಿಂಡಿಯಿಂದ ನೋಡುತ್ತಾರೆ. ಹೊರಗಿಟ್ಟದ್ದರಿಂದಲೇ ಕನಕರಿಗೆ ಅಪೂರ್ವ ದರ್ಶನ ದೊರೆಯಿತೆಂದು ಕೀರ್ತನಕಾರರು ಹರಿಕಥೆಯಲ್ಲಿ ಹೇಳುವುದುಂಟು. ಭಕ್ತನ ಬಾಯಲ್ಲಿ ಈ ಮಾತಿಗೆ ಅರ್ಥವಿದೆ. ಬಾಗಿಲು ಮುಚ್ಚಿದವರ ಕಡೆಯಿಂದ ಬಂದರೆ ಅದು ಬೇರೆಯೇ ಆಗುತ್ತದೆ. ಗೋಡೆ ಬಿರಿದ ಕಥೆಯಿಂದ ಮುಂದಿನವರಿಗೆ ಬಾಗಿಲು ತೆರೆಯಲಿಲ್ಲ. ಅದಕ್ಕೆ 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯಿದೆಯೇ ಬೇಕಾಯಿತು.

ಆಟಿಯ ತಟ್ಟೆ, ಮಾರಿಯ ಕಲೆ

ತುಳುನಾಡಿನಲ್ಲಿ ಕಷ್ಟಕ್ಕೆ ಒಂದು ತಿಂಗಳೇ ಮೀಸಲಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಬರುವ ಆಟಿಯಲ್ಲಿ ಮಳೆ ಬಿಡುವುದಿಲ್ಲ, ನೇಜಿ ನೆಟ್ಟಾಗಿರುತ್ತದೆ, ದೋಣಿ ಕಡಲಿಗಿಳಿಯುವುದಿಲ್ಲ, ಹಿಂದಿನ ಬೆಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತದೆ. ಕೂಲಿಯವರಿಗೆ ಕೆಲಸವಿಲ್ಲ. ಒಳ್ಳೆಯ ಕಾರ್ಯಗಳಿಗೆ ಆಟಿ ವರ್ಜ್ಯ. ಆಗ ಹೊಟ್ಟೆ ತುಂಬಿಸಿದ್ದು ಹಿತ್ತಿಲು ಮತ್ತು ಗುಡ್ಡ: ಕೆಸುವಿನ ಎಲೆಯ ಪತ್ರೊಡೆ, ತಜಂಕಿನ ಸೊಪ್ಪು, ಕಣಿಲೆ (ಎಳೆ ಬಿದಿರು), ತಿಮರೆ (ಒಂದೆಲಗ) ಚಟ್ನಿ, ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ. ಕೆಸು, ಕಣಿಲೆಗಳನ್ನು ತುರಿಕೆ ಕಹಿ ಹೋಗುವಂತೆ ಹದಮಾಡುವುದು ಒಂದು ವಿದ್ಯೆ. ಹುಳಿ ಎಷ್ಟು, ನೀರು ಎಷ್ಟು ಸಲ ಬದಲಿಸಬೇಕು ಎಂಬುದನ್ನು ಹೆಂಗಸರು ಹಸಿವಿನ ಕಾಲದಲ್ಲೇ ಕಲಿತು ಮಕ್ಕಳಿಗೆ ದಾಟಿಸಿದರು. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಕಾದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಬರಿಹೊಟ್ಟೆಗೆ ಕುಡಿಯುತ್ತಾರೆ. ಆಮೇಲೆ ಮೆಂತೆ ಗಂಜಿ.

ಮದುವೆಯಾದ ಹೊಸತರಲ್ಲಿ ಹೆಣ್ಣುಮಗಳು ಆಟಿ ಕೂರಲು ತವರಿಗೆ ಬರುವ ಪದ್ಧತಿಯೂ ಈ ಬಡ ತಿಂಗಳಿನದೇ. ಗಂಡನ ಮನೆಯಲ್ಲಿ ಊಟದ ಎಲೆಯೊಂದು ಕಡಿಮೆಯಾಯಿತು, ಸೊಸೆಗೆ ದುಡಿತದಿಂದ ಬಿಡುವು ಸಿಕ್ಕಿತು. ಇದರಲ್ಲಿ ಯಾವುದು ಮೊದಲಿನ ಉದ್ದೇಶವೋ ಹೇಳುವುದು ಕಷ್ಟ.

ಈಗ ಉಡುಪಿ, ಕಾರ್ಕಳ, ಮುಂಬಯಿಯ ತುಳು ಸಂಘಟನೆಗಳು ವರ್ಷವರ್ಷ ‘ಆಟಿಡೊಂಜಿ ದಿನ’ ಆಚರಿಸುತ್ತವೆ. ಹಸಿವಿನ ತಿನಿಸುಗಳು ಬಾಳೆಲೆಯ ಮೇಲೆ ಇಪ್ಪತ್ತು ಮೂವತ್ತು ಬಗೆಯಾಗಿ ಬಂದು ಕೂರುತ್ತವೆ. ಅವುಗಳ ನಾರು, ಕಬ್ಬಿಣದ ಅಂಶದ ಬಗ್ಗೆ ಭಾಷಣವಿರುತ್ತದೆ. ಒಳ್ಳೆಯದೇ. ಆದರೆ ಮೂವತ್ತು ಬಗೆ ಒಟ್ಟಿಗೆ ಉಂಡವರು ಆಟಿಯನ್ನು ಉಂಡಂತಾಗಲಿಲ್ಲ. ಅದರ ರುಚಿಯೆಲ್ಲ ಒಂದೇ ಪದಾರ್ಥವನ್ನು ಹತ್ತು ದಿನ ಉಂಡವರಿಗೆ ಗೊತ್ತು.

ಆಟಿಯಲ್ಲಿ ನಲಿಕೆ ಸಮುದಾಯದವರು ಆಟಿಕಳೆಂಜನ ವೇಷ ಹಾಕಿ ಮನೆಮನೆಗೆ ಬಂದು ಮಾರಿ ಕಳೆಯುತ್ತಾರೆ. ಮಾರಿಯೆಂದರೆ ಸಿಡುಬು, ಕಾಲರಾಗಳ ಭಯ. ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಸಲ, ಸುಗ್ಗಿ, ಆಟಿ ಮತ್ತು ಜಾರ್ದೆ ತಿಂಗಳುಗಳಲ್ಲಿ ಮಾರಿಪೂಜೆ ನಡೆಯುತ್ತದೆ. ಸುಗ್ಗಿ ಮಾರಿಪೂಜೆಗೆ ಜಾತಿ ಮತ ನೋಡದೆ ಜನ ಸೇರುತ್ತಾರೆ. ರೋಗವನ್ನು ‘ಅಮ್ಮ ಬಂದಿದ್ದಾಳೆ’ ಎಂದು ಕರೆಯುವ ಭಾಷೆ ರೋಗಿಯನ್ನು ದೂರ ತಳ್ಳದೆ ಇಟ್ಟುಕೊಳ್ಳಲು ನೆರವಾಗಿರಬೇಕು. ಸಿಡುಬಿನ ವಿಷಯದಲ್ಲಿ ಕಷ್ಟದ ಲಾಭ ಮೈಯಲ್ಲೇ ಕಾಣುತ್ತಿತ್ತು: ಒಮ್ಮೆ ಬದುಕಿ ಉಳಿದವರಿಗೆ ಅದು ಸಾಮಾನ್ಯವಾಗಿ ಮತ್ತೆ ಬರುತ್ತಿರಲಿಲ್ಲ. ಮುಖದಲ್ಲಿ ಕಲೆ ಉಳಿದವರು ರೋಗಿಯ ಹತ್ತಿರ ಕೂತು ಆರೈಕೆ ಮಾಡಬಲ್ಲವರಾದರು. ಹಸುವಿನ ಸಿಡುಬು ತಗುಲಿದ ಹಾಲು ಕರೆಯುವ ಹೆಂಗಸರಿಗೆ ಮನುಷ್ಯರ ಸಿಡುಬು ಬರದಿರುವುದನ್ನು ಗಮನಿಸಿ ಎಡ್ವರ್ಡ್ ಜೆನ್ನರ್ 1796ರಲ್ಲಿ ಲಸಿಕೆಗೆ ದಾರಿ ಮಾಡಿದ್ದೂ ಇದೇ ತರ್ಕದಿಂದ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಿಸಿತು. ಆ ನಂತರ ಕಲೆಯ ಆ ಲಾಭ ಯಾರಿಗೂ ಬೇಕಾಗಲಿಲ್ಲ.

ಎರಡಾಣೆಯ ಬ್ಯಾಂಕು

ವ್ಯಕ್ತಿಗಳ ಕಷ್ಟ ಸಂಸ್ಥೆಯಾಗಿ ಮಾರ್ಪಟ್ಟದ್ದಕ್ಕೆ ಈ ಸೀಮೆಯ ಅತಿ ಸ್ಪಷ್ಟ ಉದಾಹರಣೆ ಸಿಂಡಿಕೇಟ್ ಬ್ಯಾಂಕ್. 1920ರ ದಶಕದಲ್ಲಿ ಕರಾವಳಿಯ ಕೈಮಗ್ಗ ನೇಕಾರರ ಉದ್ಯೋಗ ಕುಸಿದಿತ್ತು. ನೂಲು ಕೊಳ್ಳಲು ದುಡ್ಡಿಲ್ಲದ ನೇಕಾರರಿಗೆ ಸಣ್ಣ ಸಾಲ ಒದಗಿಸುವ ಉದ್ದೇಶದಿಂದ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ವೈದ್ಯ ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಬಂಡವಾಳ 8,000 ರೂಪಾಯಿ.

ಮುಂದಿನ ಹೆಜ್ಜೆ ಇದಕ್ಕಿಂತ ದೊಡ್ಡದು. ಬಡವರ ತೊಂದರೆ ಆದಾಯ ಕಡಿಮೆಯೆಂಬುದಷ್ಟೇ ಆಗಿರಲಿಲ್ಲ. ದಿನಕ್ಕೆ ಉಳಿಯುವ ಒಂದೆರಡು ಆಣೆಯನ್ನು ಇಡುವ ಜಾಗವೇ ಇರಲಿಲ್ಲ. ಬ್ಯಾಂಕಿನ ಕೌಂಟರಿಗೆ ಎರಡಾಣೆ ಹಿಡಿದುಕೊಂಡು ಹೋಗುವ ಧೈರ್ಯ ಮೀನು ಮಾರುವವಳಿಗಿಲ್ಲ, ಅದನ್ನು ಬರೆದುಕೊಳ್ಳುವ ವ್ಯವಧಾನ ಗುಮಾಸ್ತನಿಗಿಲ್ಲ. ಮನೆಯಲ್ಲಿಟ್ಟರೆ ಸಂಜೆಗೆ ಖರ್ಚು. 1928ರಲ್ಲಿ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿ, ಏಜೆಂಟರನ್ನೇ ಬಾಗಿಲಿಗೆ ಕಳಿಸಿತು. ಕಮಿಷನ್ ಮೇಲೆ ದುಡಿಯುವ ಏಜೆಂಟ್ ಪ್ರತಿದಿನ ಬಂದು, ಎರಡಾಣೆಯಾದರೂ ಸರಿ, ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಅಂಗಡಿಯವರು, ಹೋಟೆಲಿನ ಮಾಣಿಗಳು, ರಿಕ್ಷಾದವರು, ಮೀನಿನ ಹೆಂಗಸರು ಇದನ್ನು ಹಿಡಿದುಕೊಂಡರು. ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಕನ್ನಡದ ಪೇಟೆಗಳಲ್ಲೆಲ್ಲ ನೆಲೆಯೂರಿತು. ಬೇರೆ ಬ್ಯಾಂಕುಗಳೂ ಸಹಕಾರ ಸಂಘಗಳೂ ಅದನ್ನು ಅನುಸರಿಸಿದವು.

ಇಲ್ಲಿ ನೇಕಾರನ ಬಡತನದಲ್ಲಿ ಲಾಭ ‘ಅಡಗಿತ್ತು’ ಎನ್ನುವುದು ಸರಿಯಲ್ಲ. ಮಗ್ಗಗಳು ಹೆಚ್ಚಿನಂಶ ಉಳಿಯಲಿಲ್ಲ. ಆ ಬಡತನವನ್ನು ನೋಡಿದ ಮೂವರು ಅದಕ್ಕೊಂದು ಉಪಾಯ ಹೂಡಿದ್ದರಿಂದ ಬೇರೆಯವರು ಕೂಡ ಬದುಕಿಕೊಂಡರು. 1931ರಲ್ಲಿ, ಜಾಗತಿಕ ಆರ್ಥಿಕ ಕುಸಿತದಿಂದ ಕೃಷಿಕರು ಕಂಗೆಟ್ಟಿದ್ದಾಗ, ಎ.ಬಿ. ಶೆಟ್ಟಿ ಮೊದಲಾದವರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ತೆರೆದದ್ದೂ ಇದೇ ಜಾಡಿನಲ್ಲಿ. ಅದಕ್ಕೆ ಮೊದಲೇ, 1906ರಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. ಸಿಂಡಿಕೇಟ್ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಹುಟ್ಟೂರಿನಲ್ಲಿ ಆ ದಿನವನ್ನು ಲಾಭದ ಲೆಕ್ಕಕ್ಕೆ ಬರೆದುಕೊಂಡವರು ಕಡಿಮೆ.

ಮಣಿಪಾಲದ ಮುರಕಲ್ಲಿನ ಗುಡ್ಡವೂ ಇದೇ ಸಾಲಿಗೆ ಸೇರಬೇಕು. ಬೇಸಾಯಕ್ಕೆ ಒದಗದ ಬೋಳು ನೆಲ ಕಟ್ಟಡಗಳಿಗೆ ಒದಗಿತು. ಟಿ.ಎಂ.ಎ. ಪೈ ಅಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಆಗ ಈ ಜಿಲ್ಲೆಯ ಹುಡುಗರು ವೈದ್ಯಶಿಕ್ಷಣಕ್ಕೆ ದೂರದ ಸರಕಾರಿ ಕಾಲೇಜುಗಳ ಕೆಲವೇ ಸೀಟುಗಳನ್ನು ನೆಚ್ಚಿಕೊಳ್ಳಬೇಕಿತ್ತು. ಸೀಟು ಸಿಗದವರ ನಿರಾಶೆಯ ಮೇಲೆ, ಅವರ ಶುಲ್ಕದಿಂದ ಕಾಲೇಜು ನಿಂತಿತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಶುಲ್ಕ ಕೊಡಲಾಗದವರಿಗೆ ಈ ಮಾದರಿ ಏನು ಕೊಟ್ಟಿತೆಂಬ ಚರ್ಚೆ ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ಊರು ಬಿಟ್ಟವರು

ಉಡುಪಿಯ ಹೆಸರನ್ನು ದೇಶದಲ್ಲೆಲ್ಲ ಹರಡಿದ ಹೋಟೆಲು ಉದ್ಯಮದ ಮೂಲದಲ್ಲಿ ಇರುವುದು ಗೇಣಿ ಭೂಮಿ, ದೊಡ್ಡ ಸಂಸಾರ, ಚಿಕ್ಕ ವಯಸ್ಸಿನಲ್ಲೇ ನಿಂತುಹೋದ ಶಾಲೆ. ಹತ್ತು ಹನ್ನೆರಡರ ಹುಡುಗರು ಮನೆಯಲ್ಲಿ ಹೇಳಿ, ಕೆಲವರು ಹೇಳದೆ, ಮುಂಬಯಿ, ಮದ್ರಾಸು, ಘಟ್ಟದ ಮೇಲಿನ ಊರುಗಳಿಗೆ ಹೋದರು. ಎಂಜಲೆಲೆ ತೆಗೆಯುವುದು, ಪಾತ್ರೆ ತೊಳೆಯುವುದು, ಹಿಟ್ಟು ರುಬ್ಬುವುದು, ಆಮೇಲೆ ಬಡಿಸುವ ಮಾಣಿ, ಅದೃಷ್ಟವಿದ್ದರೆ ಗಲ್ಲಾಪೆಟ್ಟಿಗೆ: ಇದು ಅವರ ಪಾಠಕ್ರಮ. ಕಡಂದಲೆಯಲ್ಲಿ ಹುಟ್ಟಿದ ಕೃಷ್ಣರಾಯರು ಹುಡುಗನಾಗಿದ್ದಾಗ ಉಡುಪಿಯ ಮಠದ ಅಡುಗೆಮನೆಯಲ್ಲಿ ದುಡಿದು, 1920ರ ದಶಕದಲ್ಲಿ ಮದ್ರಾಸಿಗೆ ಹೋಗಿ, ಹೋಟೆಲಿನ ಕೆಳಗಿನ ಕೆಲಸಗಳಿಂದ ಆರಂಭಿಸಿ ಸ್ವಂತ ಹೋಟೆಲು ಹಿಡಿದರು. 1938ರಲ್ಲಿ ರಾಯಪೇಟೆಯ ಬಂಗಲೆಯೊಂದರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಅವರನ್ನು ಮನೆಮಾತಾಗಿಸಿತು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರ ದಾರಿಯೂ ಇದನ್ನೇ ಹೋಲುತ್ತದೆ. ಊರು ಬಿಟ್ಟು ಒಂಟಿಯಾಗಿ ದುಡಿಯುವ ಗಂಡಸರಿಗೆ ಮನೆಯ ಊಟ ಬೇಕಿತ್ತು. ಅಂಥ ಹಸಿವು ಹೇಗಿರುತ್ತದೆಂದು ಗೊತ್ತಿದ್ದವರೇ ಬಡಿಸಲು ನಿಂತರು. ಮಾಲೀಕರ ಲಾಭಕ್ಕೆ ಅವರ ಹಿಂದಿನ ಕಷ್ಟ ಇಷ್ಟು ನೇರವಾಗಿ ನೆರವಾದ ಉದ್ಯಮ ಬೇರೆ ಸಿಗುವುದು ಕಷ್ಟ.

ಉಡುಪಿ ಜಿಲ್ಲೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಮುಂದೆ ಎಂಟಿಆರ್ ಆದ ಹೋಟೆಲಿನ ಇತಿಹಾಸದಲ್ಲಿ ಎರಡು ಸಂಕಟಗಳು ಪ್ರಸಿದ್ಧ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿದರು. ರವೆ ಇಡ್ಲಿ ಅಲ್ಲಿಂದ ಬಂತೆಂದು ಆ ಹೋಟೆಲು ಹೇಳಿಕೊಳ್ಳುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಯ ಬೆಲೆ ಇಳಿಸಿದ್ದರಿಂದ ನಷ್ಟವಾಗಿ ಹೋಟೆಲು ಮುಚ್ಚಿದಾಗ ಪುಡಿ, ಮಿಕ್ಸುಗಳನ್ನು ಪೊಟ್ಟಣ ಕಟ್ಟಿ ಮಾರುವ ವ್ಯಾಪಾರಕ್ಕೆ ಬಲ ಬಂತು. 2007ರಲ್ಲಿ ಆ ಪೊಟ್ಟಣದ ವ್ಯಾಪಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಹೋಟೆಲಿಗಿಂತ ಪೊಟ್ಟಣವೇ ದೊಡ್ಡದಾದ ಕಥೆ ಇದು.

ಇಂಥ ಜೀವನಚರಿತ್ರೆಗಳನ್ನು ಓದುವಾಗ ಒಂದು ಎಚ್ಚರ ಬೇಕು. ಮಾಲೀಕರಾದವರ ಸ್ಮರಣಸಂಚಿಕೆ ಅಚ್ಚಾಗುತ್ತದೆ. ರುಬ್ಬುಗುಂಡಿನ ಬುಡದಲ್ಲೇ ಮುದುಕರಾದವರದು, ಕ್ಷಯ ಹಿಡಿದು ಊರಿಗೆ ಮರಳಿದವರದು ಆಗುವುದಿಲ್ಲ. ಅವರನ್ನೂ ಸೇರಿಸಿ ಲೆಕ್ಕ ಹಾಕಿದರೆ ಬಡತನವನ್ನು ಒಳ್ಳೆಯ ಗುರುವೆಂದು ಹೊಗಳುವುದು ಕಷ್ಟವಾಗುತ್ತದೆ. ಗೆದ್ದವರಿಗೂ ಸೋತವರಿಗೂ ನಡುವೆ ವ್ಯತ್ಯಾಸ ಮಾಡಿದ್ದು ಎಷ್ಟೋ ಸಲ ರಾತ್ರಿ ಶಾಲೆ. ಕರಾವಳಿಯಿಂದ ಹೋದ ಸಮುದಾಯಗಳು ಮುಂಬಯಿಯಲ್ಲಿ ಸಂಘ ಕಟ್ಟಿಕೊಂಡವು. ಕಾಪು, ಮಲ್ಪೆ ಕಡೆಯ ಮೀನುಗಾರ ಮೊಗವೀರರ ವ್ಯವಸ್ಥಾಪಕ ಮಂಡಳಿ 1902ರದು. ಇಂಥ ಸಂಘಗಳು ಹಗಲು ಹೋಟೆಲಿನಲ್ಲಿ ದುಡಿವ ಹುಡುಗರಿಗೆ ರಾತ್ರಿ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿಸಿದವು. ಆ ಬೆಂಚುಗಳಿಂದ ವಕೀಲರು, ಬ್ಯಾಂಕಿನವರು, ಲೇಖಕರು ಎದ್ದು ಬಂದರು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಇನ್ನೊಂದು ಬಗೆಯ ನಷ್ಟವನ್ನು ತಂದಿತು. ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಉಳುವ ಗದ್ದೆಯನ್ನು ಪಡೆದರು, ಧಣಿಗಳ ಮನೆಯಲ್ಲಿ ಗೇಣಿ ನಿಂತಿತು. ಆ ಮನೆಗಳ ಮಕ್ಕಳು ಓದಿ ಬ್ಯಾಂಕು, ಹೋಟೆಲು, ಗಲ್ಫ್ ಸೇರಿದರು. ಜಮೀನು ಹೋದದ್ದೇ ಒಳ್ಳೆಯದಾಯಿತೆಂದು ಹೇಳುವವರು ಅವರಲ್ಲಿ ಇದ್ದಾರೆ. ಹೇಳಿದವರು ಮಕ್ಕಳು, ಕಳೆದುಕೊಂಡ ಹಿರಿಯರಲ್ಲ. ಒಕ್ಕಲಿಗೆ ಸಿಕ್ಕಿದ್ದನ್ನಂತೂ ಈ ಲೇಖನದ ಲೆಕ್ಕಕ್ಕೆ ಹಿಡಿಯಬಾರದು, ಅದು ಹಕ್ಕು.

ಹೊರಗೆ ಹೋಗಲಾಗದ ಹೆಂಗಸರಿಗೆ ಬೀಡಿ ಇತ್ತು. ಉಡುಪಿ, ಕಾರ್ಕಳ ಕಡೆಯ ಸಾವಿರಾರು ಮನೆಗಳಲ್ಲಿ ಗೆರಸೆ ತೊಡೆಯ ಮೇಲಿಟ್ಟು ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟ ದುಡ್ಡು ಮಕ್ಕಳ ಶಾಲೆಗೆ, ಮದುವೆಗೆ, ಗಂಡನ ಕುಡಿತದಿಂದ ಬಿದ್ದ ತೂತು ಮುಚ್ಚುವುದಕ್ಕೆ ಆಯಿತು. ಸ್ವಂತ ಕೈಯಲ್ಲಿ ಕಾಸು ಓಡಾಡಿದ್ದು ಹಲವರಿಗೆ ಅದೇ ಮೊದಲು. ಜೊತೆಗೆ ಬೆನ್ನುನೋವು, ಹೊಗೆಸೊಪ್ಪಿನ ಧೂಳು.

ಮುದ್ದಣ

ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ, ಮುಂದೆ ಮುದ್ದಣನೆಂದು ಹೆಸರಾದ ಲಕ್ಷ್ಮೀನಾರಣಪ್ಪ ಬಡತನದಿಂದ ಓದನ್ನು ಪೂರೈಸಲಾಗದೆ, ವ್ಯಾಯಾಮ ಶಿಕ್ಷಣ ಪಡೆದು ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾದರು. ಸಂಬಳ ಅಲ್ಪ. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆದು ಮೈಸೂರಿಗೆ ಪ್ರಕಟಣೆಗೆ ಕಳಿಸಿದಾಗ ತಾವೇ ಬರೆದದ್ದೆಂದು ಹೇಳಿಕೊಳ್ಳಲಿಲ್ಲ. ಹಳೆಯ ಕವಿಯ ಕೃತಿ, ಓಲೆಗರಿಯಲ್ಲಿ ಸಿಕ್ಕಿತೆಂದು ತಿಳಿಸಿದರು. ಡ್ರಿಲ್ ಮಾಸ್ತರನೊಬ್ಬ ಹಳಗನ್ನಡ ಬರೆದನೆಂದರೆ ವಿದ್ವಾಂಸರು ನಗುತ್ತಾರೆಂಬ ಅಳುಕು ಅವರದಾಗಿತ್ತೆಂದು ಚರಿತ್ರಕಾರರು ಊಹಿಸುತ್ತಾರೆ. 1901ರಲ್ಲಿ, ಮೂವತ್ತೊಂದರ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡರು. ಕೃತಿಕಾರ ಯಾರೆಂಬುದು ಕನ್ನಡದ ಓದುಗರಿಗೆ ಸ್ಪಷ್ಟವಾದದ್ದು ಆ ಮೇಲೆ.

ಮರೆಯಾಗಿದ್ದುದರಿಂದ ಅವರಿಗೆ ಒಂದು ಸ್ವಾತಂತ್ರ್ಯ ಸಿಕ್ಕಿತೆಂದು ವಾದಿಸಬಹುದು. ಹೆಸರಿನ ಹಂಗಿಲ್ಲದ ಕವಿ ಪಂಡಿತರ ಧಾಟಿಯನ್ನು ಮುರಿದು, ಮಳೆಗಾಲದ ಸಂಜೆ ಗಂಡಹೆಂಡಿರು ಮಾತಾಡುತ್ತ ಕಥೆ ಕಟ್ಟುವ ಗದ್ಯವನ್ನು ಬರೆದ. ಮುದ್ದಣ ಮನೋರಮೆಯರ ಆ ಸಲ್ಲಾಪ ಕನ್ನಡಕ್ಕೆ ಮತ್ತೆ ಸಿಗದ ಸೊತ್ತು. ವಾದ ಇಷ್ಟರವರೆಗೆ ನಿಲ್ಲುತ್ತದೆ. ಬಡತನವೇ ಅವರನ್ನು ಕವಿಯಾಗಿಸಿತೆಂಬ, ಸ್ಮಾರಕ ಭಾಷಣಗಳಲ್ಲಿ ಕೇಳಿಬರುವ ಮಾತು ಮಾತ್ರ ನಿಲ್ಲುವುದಿಲ್ಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅರವತ್ತು ವರ್ಷ ಬದುಕಿ, ಹೊಟ್ಟೆತುಂಬ ಉಂಡು, ತಮ್ಮ ಹೆಸರಿನಲ್ಲೇ ಬರೆದಿದ್ದರೆ ಮುದ್ದಣ ಏನು ಬರೆಯುತ್ತಿದ್ದರೆಂಬುದೂ ಈ ಲೆಕ್ಕದಲ್ಲಿ ಸೇರಬೇಕು.

ಕಲ್ಕುಡನ ಪಾಡ್ದನ

ಕಾರ್ಕಳದ ಬೆಟ್ಟದ ಮೇಲಿರುವ 42 ಅಡಿಯ ಗೊಮ್ಮಟನನ್ನು ಭೈರರಸ ವೀರಪಾಂಡ್ಯ 1432ರ ಫೆಬ್ರುವರಿ 13ರಂದು ಪ್ರತಿಷ್ಠಾಪಿಸಿದ. ಶಾಸನ ಹೇಳುವುದು ಅರಸನ ಕಥೆ. ಶಿಲ್ಪಿಯ ಕಥೆ ತುಳು ಪಾಡ್ದನದಲ್ಲಿದೆ, ಅದು ಬಹಳ ಬೇರೆ. ಬೀರ ಕಲ್ಕುಡ ಕಾರ್ಕಳಕ್ಕೆ ಬಂದು ಗೊಮ್ಮಟನನ್ನು ಕಡೆದು ನಿಲ್ಲಿಸಿದ. ಇಂಥದ್ದನ್ನು ಇನ್ನೊಂದು ಊರಿನಲ್ಲಿ ಮಾಡಬಾರದೆಂದು ಅರಸ ಅವನ ಎಡಗೈ ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ ಒಂದು ಕಾಲಿನಲ್ಲಿ ವೇಣೂರಿಗೆ ಹೋಗಿ ಅಜಿಲ ಅರಸನಿಗಾಗಿ ಮತ್ತೊಂದು ಗೊಮ್ಮಟನನ್ನು ಕಡೆದ. ಪಾಠಭೇದಗಳಿದ್ದರೂ ಕಥೆಯ ನಡುಗಂಬ ಇದು. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾದಾಗ ಈ ಕಥೆ ಹೊರಜಗತ್ತಿಗೂ ತಲುಪಿತು.

ಚರಿತ್ರೆಯ ಲೆಕ್ಕಕ್ಕೆ ಇದು ಕೂಡುವುದಿಲ್ಲ. ವೇಣೂರಿನ 35 ಅಡಿಯ ಗೊಮ್ಮಟನನ್ನು ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ. ಎರಡರ ನಡುವೆ 172 ವರ್ಷಗಳಿವೆ. ಎರಡು ರಾಜ್ಯಗಳ ಪೈಪೋಟಿ, ಶಿಲ್ಪಿಗಳ ಅನಾಮಿಕತೆ, ಕೈಕೆಲಸದವರ ಮೇಲೆ ಅರಸರಿಗಿದ್ದ ಹಿಡಿತ ಇವೆಲ್ಲ ಒಬ್ಬನ ಮೈಮೇಲೆ ಬಂದು ಕಥೆಯಾಗಿವೆ.

ಇದೇ ಕಥೆಯನ್ನು ಸ್ಫೂರ್ತಿಯ ಉಪನ್ಯಾಸಕಾರರ ಕೈಗೆ ಕೊಟ್ಟರೆ ವೇಣೂರಿನಲ್ಲಿ ನಿಲ್ಲಿಸುತ್ತಾರೆ: ಒಂದು ಕೈ ಹೋದರೇನು, ಇನ್ನೊಂದು ಕೈ ಗೊಮ್ಮಟನನ್ನು ಮಾಡಿತು. ಪಾಡ್ದನ ಅಲ್ಲಿ ನಿಲ್ಲುವುದಿಲ್ಲ. ಅಣ್ಣನನ್ನು ಹುಡುಕಿಕೊಂಡು ತಂಗಿ ಕಲ್ಲುರ್ಟಿ ಬರುತ್ತಾಳೆ. ಅವನ ಮೈ ನೋಡುತ್ತಾಳೆ. ಎರಡನೆಯ ಗೊಮ್ಮಟ ಎಷ್ಟು ಚೆನ್ನಾಗಿದೆಯೆಂದು ಅವಳು ನೋಡುವುದಿಲ್ಲ. ಕೈ ಕಡಿದವನು ಯಾರೆಂದು ಕೇಳುತ್ತಾಳೆ. ಅಣ್ಣತಂಗಿ ಮಾಯವಾಗಿ ದೈವಗಳಾಗುತ್ತಾರೆ, ಕಾರ್ಕಳದ ಅರಮನೆಗೆ ಉರಿ ಬೀಳುತ್ತದೆ. ಕಲ್ಕುಡ ಕಲ್ಲುರ್ಟಿಯರ ಕೋಲ ಇವತ್ತಿಗೂ ನಡೆಯುತ್ತದೆ. ಅನ್ಯಾಯವಾದವರು ದೈವದ ಮುಂದೆ ನಿಂತು ದೂರು ಹೇಳುತ್ತಾರೆ, ದೈವ ನುಡಿ ಕೊಡುತ್ತದೆ. ಕಷ್ಟದಲ್ಲಿ ಒಳಿತು ಕಾಣುವ ಪ್ರವೃತ್ತಿಗೆ ಈ ಸೀಮೆ ಕೊಟ್ಟ ಅತ್ಯಂತ ತೀಕ್ಷ್ಣವಾದ ಉತ್ತರ ಇದೆಂದೇ ಹೇಳಬೇಕು. ಸಾಧನೆ ಸಾಧನೆಯೇ, ಅಪರಾಧ ಅಪರಾಧವೇ; ಮೊದಲನೆಯದರಿಂದ ಎರಡನೆಯದು ತೀರುವಳಿಯಾಗದು.

ಆಧುನಿಕ ಅಧ್ಯಯನ

1987ರಲ್ಲಿ ಗ್ಲೆನ್ ಆಫ್ಲೆಕ್, ಹೊವರ್ಡ್ ಟೆನ್ನೆನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೃದಯಾಘಾತಕ್ಕೆ ಒಳಗಾದವರ ಅಧ್ಯಯನವೊಂದನ್ನು ಪ್ರಕಟಿಸಿದರು. ಆಘಾತವಾದ ಏಳು ವಾರಗಳಲ್ಲಿ ಅದರಿಂದ ತಮಗೇನೋ ಪ್ರಯೋಜನವಾಯಿತೆಂದು ಹೇಳಿದವರಲ್ಲಿ ಮುಂದಿನ ಎಂಟು ವರ್ಷಗಳಲ್ಲಿ ಎರಡನೆಯ ಆಘಾತ ಕಡಿಮೆಯಿತ್ತು. ಸಿಗರೇಟು ಬಿಟ್ಟವರು, ಮನೆಯವರೊಡನೆ ಹೆಚ್ಚು ಹೊತ್ತು ಕಳೆದವರು ಇಂಥ ಉತ್ತರ ಕೊಡುವುದು ಸಹಜ. ಆದ್ದರಿಂದ ಕಾರಣ ಯಾವುದು, ಫಲ ಯಾವುದು ಎಂದು ಬಿಡಿಸುವುದು ಸುಲಭವಲ್ಲ. ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೂನ್ 1996ರಲ್ಲಿ ರಚಿಸಿದ 21 ಪ್ರಶ್ನೆಗಳ ಮಾಪನ ಐದು ಬಗೆಯ ಬದಲಾವಣೆಗಳನ್ನು ಅಳೆಯುತ್ತದೆ: ಜನರೊಡನೆ ನಂಟು, ಹೊಸ ದಾರಿಗಳು, ಆತ್ಮಬಲ, ಆಧ್ಯಾತ್ಮಿಕ ಬದಲಾವಣೆ, ಬದುಕಿನ ಬೆಲೆಯರಿಯುವುದು. ಬೆಳವಣಿಗೆ ಬರುವುದು ಘಟನೆಯಿಂದಲ್ಲ, ಅದರೊಡನೆ ನಡೆಸುವ ಹೋರಾಟದಿಂದ ಎಂದು ಅವರು ಸ್ಪಷ್ಟಪಡಿಸಿದ್ದಾರೆ.

ಸಂಶಯಗಳೂ ಅಷ್ಟೇ ಗಟ್ಟಿ. 2006ರಲ್ಲಿ ವಿಕಿ ಹೆಲ್ಗೆಸನ್ ಮತ್ತು ಸಂಗಡಿಗರು 87 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಒಳಿತು ಕಂಡವರಲ್ಲಿ ಖಿನ್ನತೆ ಕಡಿಮೆಯಿದ್ದರೂ ಘಟನೆಯ ನೆನಪು ಬೇಡವೆಂದರೂ ನುಗ್ಗಿಬರುವುದು ಹೆಚ್ಚೇ ಇತ್ತು. ಪೆಟ್ರೀಷಿಯಾ ಫ್ರೇಜಿಯರ್ 2009ರಲ್ಲಿ ವಿದ್ಯಾರ್ಥಿಗಳನ್ನು ಆಘಾತಕ್ಕೆ ಮೊದಲೂ ಆಮೇಲೂ ಅಳೆದು, ತಾವು ಬೆಳೆದೆವೆಂದು ಜನ ಹೇಳುವುದಕ್ಕೂ ನಿಜವಾಗಿ ಆದ ಬದಲಾವಣೆಗೂ ಹೆಚ್ಚು ಸಂಬಂಧವಿಲ್ಲವೆಂದು ತೋರಿಸಿದರು. ಅದೇ ವರ್ಷ ಲೇಖಕಿ ಬಾರ್ಬರಾ ಎಹ್ರೆನ್‌ರೈಕ್, ತಮಗೆ ಸ್ತನ ಕ್ಯಾನ್ಸರ್ ಬಂದಾಗ ಅದನ್ನು ವರವೆಂದು ಕಾಣುವಂತೆ ಸುತ್ತಲಿನವರು ಹೇರಿದ ಒತ್ತಡದ ಬಗ್ಗೆ ಪುಸ್ತಕವನ್ನೇ ಬರೆದರು. ಸಾವಿನ ಮನೆಗೆ ಬಂದು ‘ಎಲ್ಲ ಒಳ್ಳೆಯದಕ್ಕೇ’ ಎನ್ನುವ ನಮ್ಮ ನೆಂಟರಿಗೂ ಆ ಪುಸ್ತಕ ಸಲ್ಲುತ್ತದೆ.

ಉಡುಪಿ ಸೀಮೆಯಲ್ಲಿ ಈ ಪ್ರಶ್ನೆ ದಿನನಿತ್ಯ ಎದುರಾಗುವುದು ಆಸ್ಪತ್ರೆಯ ವಾರ್ಡುಗಳಲ್ಲಿ ಮತ್ತು ಮದ್ಯವರ್ಜನ ಶಿಬಿರಗಳಲ್ಲಿ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮನೋರೋಗ ಚಿಕಿತ್ಸೆಗೂ ವ್ಯಸನಮುಕ್ತಿ ಶಿಬಿರಗಳಿಗೂ ಹೆಸರಾಗಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಯಲ್ಲಿ ಕೆಲಸ ಮಾಡುವ ಜನಜಾಗೃತಿ ವೇದಿಕೆ ಕಾರ್ಕಳ, ಕಾಪು, ಉಡುಪಿಗಳಲ್ಲೂ ಶಿಬಿರ ನಡೆಸುತ್ತದೆ; ಕುಡಿತ ಬಿಟ್ಟವರನ್ನು ನವಜೀವನ ಸದಸ್ಯರೆಂದು ಕರೆದು, ನವಜೀವನ ಸಮಿತಿಗಳಲ್ಲಿ ಸೇರಿಸುತ್ತದೆ. 1935ರಲ್ಲಿ ಅಮೆರಿಕದ ಓಹಿಯೋದಲ್ಲಿ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ತತ್ವ ಇಲ್ಲೂ ಕಾಣುತ್ತದೆ. ಬಿದ್ದವನಿಗೆ ಮಾತ್ರ ಇನ್ನೊಬ್ಬ ಬಿದ್ದವನೊಡನೆ ಮಾತಾಡುವ ಅಧಿಕಾರ. ಹೊಸಬ ಸುಳ್ಳು ಹೇಳಿದರೆ ಹಳಬನಿಗೆ ತಕ್ಷಣ ಗೊತ್ತಾಗುತ್ತದೆ, ಅದೇ ಸುಳ್ಳನ್ನು ಅವನೂ ಹೇಳಿರುತ್ತಾನೆ. ಕಳೆದುಹೋದ ವರ್ಷಗಳು ಇಲ್ಲಿ ಒಂದು ಬಗೆಯ ಅರ್ಹತೆಯಾಗುತ್ತವೆ.

ಶಿಬಿರಗಳಿಗೆ ಕುಟುಂಬದವರನ್ನೂ ಕರೆಸುತ್ತಾರೆ. ಕುಡಿತದಿಂದ ಬದುಕು ಕಲಿತೆನೆಂದು ಗಂಡ ವೇದಿಕೆಯಲ್ಲಿ ಹೇಳಿಕೊಳ್ಳಬಹುದು. ಅದೇ ವರ್ಷಗಳಲ್ಲಿ ಬೀಡಿ ಕಟ್ಟಿ, ಪಿಗ್ಮಿ ಕಟ್ಟಿ ಮನೆ ನಡೆಸಿದ ಹೆಂಡತಿಗೆ ಮೈಕು ಸಿಕ್ಕಿದಾಗ ಬರುವ ಲೆಕ್ಕ ಬೇರೆ.